ಪಾಯದ ಲೆಕ್ಕ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಕಾರಟಗಿ ಮನೆಯ ಹಿಂದೆ ಒಳಗಿನ ಅಳತೆ 10 ಅಡಿ ಅಗಲ, 12 ಅಡಿ ಉದ್ದದ ರೂಮಿಗೆ ಬ್ಲಾಕ್ ಪಾಯ ನೀನೇ ಹಾಕುತ್ತೀಯಂತೆ, ಸಾಮಾನು ಎಷ್ಟು, ಆಳು ಎಷ್ಟು ಅಂತ ಕೇಳಿದ್ದೀಯ. ಇದೇ ಗ್ರೂಪಿನಲ್ಲಿ ಕಾಕಾ 200 ಬ್ಲಾಕ್ ಸಾಕು ಅಂದಿದ್ದಾರೆ. ಸಾಲುವುದಿಲ್ಲ ಕಾಕಾ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬ್ಲಾಕ್ ಎಣಿಸುವ ಮೊದಲು ಒಂದು ಮೂಲೆಯಲ್ಲಿ ಗುಂಡಿ ತೋಡು. ನಿಮ್ಮ ಹಿತ್ತಲು ಎರೆ, ಅಂದರೆ ಕಪ್ಪು ಮಣ್ಣು; ಮಸಾರಿ (ಕೆಂಪು ಮಣ್ಣು) ಅಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಉಗ್ರಾಣಕ್ಕೆ ಎರಡೂವರೆ ಅಡಿಗೇ ನಿಲ್ಲಿಸಿದ್ದೆವು. ಮುರಂ, ಅಂದರೆ ಗಟ್ಟಿ ಗರಸು ಮಣ್ಣು, ಸಿಕ್ಕಿರಲಿಲ್ಲ, ಆದರೂ ನಿಲ್ಲಿಸಿದೆವು. ಮೊದಲ ಬೇಸಿಗೆಗೇ ಬಾಗಿಲ ಮೂಲೆಯಿಂದ ಸೀಳು ಬಂತು. ಅದನ್ನು ಈಗಲೂ ನೋಡಿದಾಗ ಹೊಟ್ಟೆ ಉರಿಯುತ್ತದೆ. ಐದಾರು ಅಡಿ ತೋಡಿದರೂ ಗಟ್ಟಿ ಮುರಂ ಸಿಗದಿದ್ದರೆ ನೀನೇ ಕೈ ಹಾಕಬೇಡ, ಇಂಜಿನಿಯರ್‌ನ ಕರೆಸು.

ಮೂರು ಅಡಿ ಎರಡು ಇಂಚಿಗೆ ಮುರಂ ಸಿಕ್ಕಿತು ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ. 16-8-8 ಇಂಚಿನ ಸಾಲಿಡ್ ಬ್ಲಾಕ್ ತಗೋ, ನೆಲದ ಕೆಳಗೆ ಟೊಳ್ಳು ಬ್ಲಾಕ್ ಬೇಡ. ಗೋಡೆಯ ನಡುವೆ ಗೆರೆ ಹಿಡಿದು ಸುತ್ತಲೂ ಅಳೆದರೆ 46 ಅಡಿ 8 ಇಂಚು. ಅಂದರೆ ಒಂದು ವರಸೆಗೆ (ಬ್ಲಾಕಿನ ಒಂದು ಸಾಲಿಗೆ) 35 ಬ್ಲಾಕ್. ಕೆಳಗಿನ ಎರಡು ವರಸೆ ಅಡ್ಡ ಇಟ್ಟು 16 ಇಂಚು ಅಗಲ ಮಾಡಬೇಕು, ಅಲ್ಲಿ ಒಂದೊಂದಕ್ಕೆ 70. ಕಾಕಾ ಬಿಟ್ಟಿದ್ದು ಈ ಎರಡು ವರಸೆಯನ್ನೇ ಇರಬೇಕು. ಅದರ ಮೇಲೆ ಐದು ವರಸೆ, ಅದರಲ್ಲಿ ಮೂರು ನೆಲದಿಂದ ಮೇಲೆ. ಒಟ್ಟು 315, ಒಡೆಯುವುದು ಸೇರಿಸಿ 330 ಅನ್ನು. ಮುರಂ ಇನ್ನೂ ಕೆಳಗಿದ್ದರೆ ಪ್ರತಿ 8 ಇಂಚಿಗೆ ಮತ್ತೆ 35 ಬ್ಲಾಕ್, ಸುಮಾರು 80 ಘನ ಅಡಿ ಅಗೆತ.

ಪಾಯಕ್ಕೆ ತೋಡುವ ಕಾಲುವೆ ಎರಡೂವರೆ ಅಡಿ ಅಗಲ ಇರಲಿ. ತಳಕ್ಕೆ 6 ಇಂಚು ಕಾಂಕ್ರೀಟ್ ಬೆಡ್, 1:4:8 (ಸಿಮೆಂಟ್, ಉಸುಕು, ಜಲ್ಲಿ ಕಡಿ), ಅದಕ್ಕೆ 6 ಚೀಲ ಸಿಮೆಂಟ್, 40 ಎಂಎಂ ಕಡಿ 60 ಘನ ಅಡಿ. ಬ್ಲಾಕ್ ಕಟ್ಟಲು 1:6ರ ಸಿಮೆಂಟ್-ಉಸುಕಿನ ಮಾಲು, 3 ಚೀಲ. ಮೇಲೆ 8 ಇಂಚು ಅಗಲ, 6 ಇಂಚು ಎತ್ತರದ ಪ್ಲಿಂತ್ ಬೀಮ್ (ಪಾಯದ ಮೇಲೆ ಸುತ್ತಲೂ ಹಾಕುವ ಕಾಂಕ್ರೀಟ್ ಪಟ್ಟಿ) ಬಿಡಲೇಬೇಡ, ಎರೆ ಭೂಮಿಯಲ್ಲಿ ಅದೇ ಎಲ್ಲವನ್ನೂ ಕಟ್ಟಿ ಹಿಡಿಯುವುದು. ಅದಕ್ಕೆ 4 ಚೀಲ, 10 ಎಂಎಂ ರಾಡ್ ಆರು, ರಿಂಗಿಗೆ 8 ಎಂಎಂ ರಾಡ್ ಐದು, ಸಣ್ಣ ಕಡಿ 15 ಘನ ಅಡಿ. ಎಲ್ಲಾ ಸೇರಿ 13, ಒಂದು ಹೆಚ್ಚಿಗೆ ಹಿಡಿದು 14 ಚೀಲ ತರಿಸು. ಉಸುಕು 60 ಘನ ಅಡಿ, ಅರ್ಧ ಬ್ರಾಸ್‌ಗಿಂತ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಸ್ವಲ್ಪ ಜಾಸ್ತಿ. ಒಳಗೆ ಒಂದೂವರೆ ಅಡಿ ತುಂಬಲು, ದಮ್ಮಸು ಹೊಡೆಯುವುದು ಲೆಕ್ಕ ಹಿಡಿದು, 225 ಘನ ಅಡಿ ಮುರಂ. ತೋಡಿದ ಎರೆಯನ್ನೇ ವಾಪಸ್ ಸುರಿಯಬೇಡ. ಟ್ರಾಲಿ ಲೆಕ್ಕದಲ್ಲಿ ಕೊಂಡರೆ ಡಬ್ಬಿಯ ಉದ್ದ, ಅಗಲ, ಎತ್ತರ ನೀನೇ ಟೇಪ್ ಹಿಡಿದು ಅಳೆ.

ಕೆಲಸದ ವಿಷಯಕ್ಕೆ ಬಂದರೆ, ಒಂದು ಬ್ಲಾಕ್ 30 ಕೆಜಿ ಮೇಲೆ. 330 ಅಂದರೆ ಹತ್ತು ಟನ್! ಒಬ್ಬನೇ ಎತ್ತುತ್ತೇನೆ ಅಂತ ಹೋಗಬೇಡ, ಒಬ್ಬ ಆಳು ಬೇಕೇ ಬೇಕು. ಪಳಗಿದ ಗೌಂಡಿ, ಒಬ್ಬ ಹೆಲ್ಪರ್ ಇದ್ದರೆ ದಿನಕ್ಕೆ 80ರಿಂದ 100 ಇಡುತ್ತಾನೆ. ನಿನಗೆ 40 ಆದರೆ ದೊಡ್ಡದು, ಎಂಟು ದಿನ. ಸುಮಾರು 370 ಘನ ಅಡಿ ಅಗೆತಕ್ಕೆ ಇಬ್ಬರಿಗೆ ಎರಡೂವರೆ ದಿನ, ಎರೆ ಒಣಗಿ ಗಟ್ಟಿಯಾಗಿದ್ದರೆ ಇನ್ನೂ ಜಾಸ್ತಿ. ನನ್ನ ಮಾತು ಕೇಳು, ಒಂದು ದಿನಕ್ಕಾದರೂ ಗೌಂಡಿಯನ್ನು ಕರೆಸಿ ಮೊದಲ ವರಸೆ, ನಾಲ್ಕೂ ಮೂಲೆ ಕೂರಿಸಿಕೋ. ಅಲ್ಲಿ ತಪ್ಪಿದರೆ ಮೇಲೆ ಎಲ್ಲಾ ತಪ್ಪುತ್ತದೆ. ಮೇಲಿನ 8 ಇಂಚಿನ ಗೋಡೆಯ ಹೊರಗಿನ ಅಳತೆ 11 ಅಡಿ 4 ಇಂಚು, 13 ಅಡಿ 4 ಇಂಚು ಬಂದರೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ 17 ಅಡಿ 6 ಇಂಚೇ ಬರಬೇಕು.

ಇಟ್ಟಿಗೆ ನೆನೆಸಿದ ಹಾಗೆ ಬ್ಲಾಕ್ ನೆನೆಸಬೇಡ, ಬಿಸಿಲಿದ್ದರೆ ಸ್ವಲ್ಪ ಚಿಮುಕಿಸು ಸಾಕು. ಕಟ್ಟಿದ ಮೇಲೆ ಏಳು ದಿನ ಬೆಳಿಗ್ಗೆ ಸಂಜೆ ನೀರು ಹೊಡೆ. ಆ ಕೆಲಸ ಅವ್ವನ ಮೇಲೆ ಹಾಕಬೇಡ ಮತ್ತೆ.

ಸಾಮಾನು ಇನ್ನೂ ತರಿಸಬೇಡ. ಗುಂಡಿ ತೋಡಿ, ತಳದ ಮಣ್ಣಿನ ಫೋಟೋ ಇಲ್ಲಿ ಹಾಕು. ಭಾನುವಾರ ಗಂಗಾವತಿಯಿಂದ ನಾನೇ ಬರುತ್ತೇನೆ. ಲೆವೆಲ್ ಟ್ಯೂಬು, ಗೋಡೆ ನೇರ ನೋಡುವ ತೂಗುಗುಂಡು ನನ್ನ ಹತ್ತಿರ ಇವೆ, ಕೊಳ್ಳಬೇಡ.