ಬೋನಸ್ ಬಂದಿದೆ, ಕ್ಯಾಮೆರಾ ಸಾಮಾನಿನ ಪಟ್ಟಿ ಉದ್ದ ಇದೆ, ಮೊದಲು ಯಾವುದು?

ಡೊಂಬಿವಲಿ ಡಬ್ಬಾ
ಎಲ್ರಿಗೂ ನಮಸ್ಕಾರ. ಕೆಲಸ ಅಂಧೇರಿ, ಮನೆ ಡೊಂಬಿವಲಿ, ಭಾನುವಾರ ಬಿಟ್ರೆ ಕ್ಯಾಮೆರಾ ಕೈಗೆ ಬರಲ್ಲ. ಇರೋದು ಕ್ಯಾನನ್ 200ಡಿ, ಅದರ ಜೊತೆ ಬಂದ 18-55 ಲೆನ್ಸ್, ಆಮೇಲೆ ತಗೊಂಡ 55-250 ಲೆನ್ಸ್. ದೀಪಾವಳಿ ಬೋನಸ್ಸಲ್ಲಿ ಮನೆ ಖರ್ಚೆಲ್ಲ ಕಳೆದು 40 ಸಾವಿರ ನನ್ನ ಪಾಲು ಅಂತ ಹೆಂಡ್ತಿ ಒಪ್ಪಿದಾಳೆ, ಅದರ ಮೇಲಾದ್ರೆ ಇಎಂಐ. ಎರಡು ವರ್ಷದಿಂದ ಮೊಬೈಲಲ್ಲಿ ಬರೀತಾ ಬಂದಿರೋ ಪಟ್ಟಿ ಹೀಗಿದೆ, ಮೇಲಿರೋದಕ್ಕೆ ಆಸೆ ಜಾಸ್ತಿ: ದೂರದ ಹಕ್ಕೀನ ಹತ್ರ ತರೋ ಸಿಗ್ಮಾ 150-600 ಲೆನ್ಸ್, ಗಟ್ಟಿಮುಟ್ಟಾದ ಟ್ರೈಪಾಡ್, ಮರೀನ್ ಡ್ರೈವಲ್ಲಿ ಸಮುದ್ರನ ಹಾಲಿನ ಥರ ಮಾಡೋಕೆ ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್, 50 ಎಂಎಂ ಎಫ್ 1.8 ಲೆನ್ಸ್, ಗೊಡಾಕ್ಸ್ ಫ್ಲ್ಯಾಶ್, ಇನ್ನೊಂದು ಬ್ಯಾಟರಿ, ಬ್ಯಾಗು, ಕಟ್ಟಕಡೇಲಿ ಲೆನ್ಸಿಗೆ ತೇವ ತಾಗದಂಗೆ ಇಡೋ ಡ್ರೈ ಕ್ಯಾಬಿನೆಟ್. ಕೊನೇದು ಎಷ್ಟಂದ್ರೂ ಕಪಾಟು, ಅದಕ್ಕೆ ದುಡ್ಡು ಸುರಿಯೋಕೆ ಮನಸ್ಸು ಬರ್ತಿಲ್ಲ. ಫ್ಲೆಮಿಂಗೋ ಬರೋ ಕಾಲ ಹತ್ರ ಬಂತು, ಹೋದ ವರ್ಷ ಶಿವಡೀಲಿ ತೆಗೆದ ಫೋಟೋದಲ್ಲಿ ಹಕ್ಕಿಗಳು ಗುಲಾಬಿ ಜೀರಿಗೆ ಥರ ಕಾಣ್ತಿದ್ವು. ಲೆನ್ಸೇ ಮೊದಲು ತಗೊಂಡ್ಬಿಡ್ಲಾ?

ಧಾರವಾಡ ಪೇಢೆ
ತಗೋರಿ, ಮತ್ತೇನ ವಿಚಾರ ಮಾಡ್ತೀರಿ! ನನ್ ಕಡೆ ಅದ ಲೆನ್ಸ್ ಅದ, ಮೂರು ವರ್ಷಾತು. 250ಕ್ಕೂ 600ಕ್ಕೂ ಎರಡೂವರಿ ಪಟ್ಟಿನ ಹತ್ತಿರ ಫರಕ್ ಬೀಳ್ತದ, ಜೀರಗಿ ಹೋಗಿ ಹಕ್ಕಿ ಆಗ್ತದ, ಕೊಕ್ಕಿನ ತುದಿ ಕರೀ ಬಣ್ಣ ಸೈತ ಕಾಣಸ್ತದ. ಹವ್ಯಾಸ ಅಂದ ಮ್ಯಾಲೆ ಆಸೆ ಇದ್ದದ್ದ ಮೊದಲ ತಗೋಬೇಕ್ರಿ, ಉಪಯೋಗಕ್ಕ ಬೀಳೂದು ತಗೊಳ್ಳಾಕ ಕಿರಾಣಿ ಅಂಗಡಿ ಅದ.

ಚೆಂಬೂರ್ ಚಿನ್ನಕ್ಕ
ಪೇಢೆಯವ್ರೇ, ಲಕ್ಷದ ಹತ್ತಿರದ ಲೆನ್ಸು ಅಂತಾನೂ ಹೇಳಿ, 40 ಸಾವಿರಕ್ಕೆ ಬರಲ್ಲ ಅದು. ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ, ಡೊಂಬಿವಲಿ ಫಾಸ್ಟ್ ಲೋಕಲ್ಲಲ್ಲಿ ಅದನ್ನ ಎದೆ ಮೇಲೆ ಹೊತ್ತು ನಿಂತು ನೋಡಿ. 200ಡೀಲಿ ಸೆನ್ಸರ್ ಚಿಕ್ಕದು, 600 ಅಂದ್ರೆ 1.6ರ ಲೆಕ್ಕಕ್ಕೆ 960ರ ಹಾಗೆ ಕಾಣುತ್ತೆ, ಕೈಯಲ್ಲಿ ಹಿಡಿದು ತೆಗೆಯೋಕೆ ಶಟರ್ 1/1000 ಸೆಕೆಂಡ್ ಹತ್ರ ಬೇಕು, ಆ ಲೆನ್ಸು ಅಲ್ಲಿ ಎಫ್ 6.3 (ಅಂಕಿ ದೊಡ್ಡದಾದಷ್ಟು ಒಳಗೆ ಬರೋ ಬೆಳಕು ಕಡಿಮೆ), ಬೆಳಿಗ್ಗೆ ಏಳು ಗಂಟೆ ಬೆಳಕಲ್ಲಿ ಐಎಸ್‌ಒ (ಏರಿದಷ್ಟೂ ಫೋಟೋ ಕಾಳುಕಾಳು) ಎಲ್ಲಿಗೆ ಏರುತ್ತೆ ಅಂತ ಲೆಕ್ಕ ಹಾಕಿ. ಬೆಳಕು ಬರಲಿ ಅಂತ ಹತ್ತು ಗಂಟೆ ತನಕ ಕಾದ್ರೆ ಕೆಸರಿನಿಂದ ಬಿಸಿಗಾಳಿ ಏಳುತ್ತೆ, ದೂರದ ಹಕ್ಕಿ ಕಾವಲಿ ಮೇಲಿನ ಗಾಳಿ ಥರ ಅಲುಗಾಡುತ್ತೆ, ಆಗ ಯಾವ ಲೆನ್ಸ್ ಇದ್ರೂ ಅಷ್ಟೇ.
ಡಬ್ಬಾ ಅವ್ರೇ, ನಿಮಗೊಂದು ಪ್ರಶ್ನೆ. ಮಳೆಗಾಲದ ನಾಲ್ಕು ತಿಂಗಳು ಆ ಎರಡು ಲೆನ್ಸ್ ಎಲ್ಲಿದ್ವು?

ಡೊಂಬಿವಲಿ ಡಬ್ಬಾ
ಬ್ಯಾಗಲ್ಲೇ ಅಕ್ಕ. ಧೂಳು ಹೋಗಬಾರದು ಅಂತ ಜಿಪ್ ಹಾಕಿ ಅಲ್ಮೇರಾ ಮೇಲೆ ಇಟ್ಟಿದ್ದೆ.

ಚೆಂಬೂರ್ ಚಿನ್ನಕ್ಕ
ಹೋಯ್ತು. ಈಗಲೇ ಎದ್ದು ಒಂದು ಕೆಲಸ ಮಾಡಿ: ರೂಮಿನ ಲೈಟ್ ಆರಿಸಿ, ಲೆನ್ಸಿನ ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನ ನೇರ ಅಲ್ಲ, ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ. ಧೂಳಿನ ಚುಕ್ಕಿ ಎಲ್ಲ ಲೆನ್ಸಲ್ಲೂ ಇರುತ್ತೆ, ಅದಕ್ಕೆ ಹೆದರಬೇಡಿ. ಅಂಚಲ್ಲಿ ದಾರದ ಥರ, ಬೇರು ಬಿಟ್ಟ ಥರ ಏನಾದ್ರೂ ಕಂಡ್ರೆ ಬಂದು ಹೇಳಿ.

ಮುಲುಂಡ್ ಶೆಟ್ರು
ಅಕ್ಕ ಬಂದ್ರೆ ಫಂಗಸ್ಸೇ (ಲೆನ್ಸಿನೊಳಗಿನ ಬೂಷ್ಟು) ಮಾರಾಯ್ರೆ, ಪ್ರತಿ ಸಲ 😄 ನಾನು ಹೇಳುದು ಬೇರೆ. ಪಟ್ಟಿಯಲ್ಲಿ ನಾಲ್ಕನೇದು ಉಂಟಲ್ಲ, 50 ಎಂಎಂ, ಅದು ಮೊದಲು. ಕಡಿಮೆ ದುಡ್ಡು, 160 ಗ್ರಾಂ ತೂಕ, ಅಂಗಿ ಜೇಬಿಗೆ ಹೋಗ್ತದೆ. ನಾನು ಇಲ್ಲಿ ಮುಂಬೈಯಲ್ಲಿ ಯಕ್ಷಗಾನ ಎಲ್ಲಿ ಆದ್ರೂ ಹೋಗಿ ಕೂರುವವ. 55-250 ಹಿಡ್ಕೊಂಡು ಎಷ್ಟು ಆಟ ಹಾಳು ಮಾಡಿದ್ದೇನೆ ಗೊತ್ತುಂಟಾ, ದಿಗಿಣ (ಸುತ್ತು ಹಾರಿ ಕುಣಿಯುದು) ಹಾಕುವಾಗ ವೇಷ ಇಡೀ ಹೊಗೆ ಹಾಗೆ ಬರ್ತದೆ, ಕಿರೀಟ ಒಂದು ಕಡೆ ಮುಖ ಒಂದು ಕಡೆ. ಎಫ್ 5.6ರಿಂದ 1.8ಕ್ಕೆ ಬಂದ್ರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರ್ತದೆ, 1/30ರಲ್ಲಿ ಒದ್ದಾಡುವಲ್ಲಿ 1/250 ಸಿಗ್ತದೆ. ಮತ್ತೆ ಆಟ ಶುರು ಆಗುವ ಮೊದಲು ವೇಷ ಕಟ್ಟುವ ಚೌಕಿಗೆ ಹೋಗಿ (ಕೇಳಿ ಹೋಗಬೇಕು, ಸುಮ್ಮನೆ ನುಗ್ಗುದಲ್ಲ), ಬಣ್ಣದ ವೇಷದವರು ಕನ್ನಡಿ ಎದುರು ಚುಟ್ಟಿ ಇಡ್ಲಿಕ್ಕೆ ಕೂತಿರ್ತಾರೆ, ಒಂದೊಂದೇ ಬಿಳಿ ಚುಕ್ಕೆ ಮುಳ್ಳಿನ ಹಾಗೆ ಎದ್ದು ನಿಲ್ತದೆ, ಗಂಟೆಗಟ್ಟಲೆ. ಒಂದು ಬಲ್ಬಿನ ಬೆಳಕು ಸಾಕು. ಫ್ಲೆಮಿಂಗೋಗಿಂತ ಎಂತ ಕಡಿಮೆ ಉಂಟು ಅದರಲ್ಲಿ?
ಫ್ಲ್ಯಾಶ್ ಮಾತ್ರ ಪಟ್ಟಿಯಿಂದ ತೆಗೀರಿ. ಕುಣಿಯುವವರ ಕಣ್ಣಿಗೆ ಹೊಡೀತದೆ.

ಪುಣೆ ಪಡ್ಡೆ
ಯಾರೂ ಅಸಲಿ ವಿಷಯಕ್ಕೇ ಬರ್ತಿಲ್ಲ. 200ಡಿ ಬಂದಿದ್ದು 2017ರಲ್ಲಿ, ಫೋಕಸ್ ಪಾಯಿಂಟು ಒಂಬತ್ತು, ಅದರಲ್ಲಿ ನಂಬೋ ಹಂಗಿರೋದು ನಡುವಿಂದು ಒಂದು. ಹಾರೋ ಹಕ್ಕೀನ ಅದರಲ್ಲಿ ಹಿಡಿಯೋದು ಕೋಲಲ್ಲಿ ನೊಣ ಹೊಡೆದಂಗೆ. ಇರೋದನ್ನ ಮಾರಿ, 40 ಸೇರಿಸಿ, ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ತಗೊಳ್ಳಿ, ಕ್ಯಾನನ್ ಆರ್10 ಥರದ್ದು, ಹಕ್ಕಿ ಕಣ್ಣನ್ನ ಕ್ಯಾಮೆರಾನೇ ಹುಡುಕಿ ಹಿಡಿಯುತ್ತೆ. ಅಡಾಪ್ಟರ್ ಹಾಕಿದ್ರೆ ಹಳೇ ಲೆನ್ಸ್‌ಗಳೂ ನಡೆಯುತ್ತೆ. ಕ್ಯಾನನ್ ಹೊಸ ಲೆನ್ಸೆಲ್ಲ ಈಗ ಮಿರರ್‌ಲೆಸ್ಸಿನ ಮೌಂಟಿಗೇ (ಲೆನ್ಸ್ ಕೂರೋ ಜಾಗ) ಬರ್ತಿರೋದು.

ಧಾರವಾಡ ಪೇಢೆ
ಮನಿ ಸೋರಾಕತ್ತದ ಅಂದ್ರ ಮನೀನ ಮಾರ್ರಿ ಅಂದಂಗಾತು ಇದು.

ಮುಲುಂಡ್ ಶೆಟ್ರು
ಪಡ್ಡೆಯವರು ಹೇಳುದರಲ್ಲಿ ಹುರುಳು ಇಲ್ಲದೆ ಇಲ್ಲ, ಆದ್ರೆ ಇವರು ಹೇಳಿದ್ದು ಭಾನುವಾರ ಮಾತ್ರ ತೆಗಿಯುದು ಅಂತ. ಅದ್ರಲ್ಲಿ ಅರ್ಧ ಭಾನುವಾರ ಮೆಗಾ ಬ್ಲಾಕಿಗೆ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುದು) ಹೋಗ್ತದೆ.

ಡೊಂಬಿವಲಿ ಡಬ್ಬಾ
ಅಕ್ಕ, ನೋಡಿದೆ. 18-55 ಪರವಾಗಿಲ್ಲ. 55-250ರ ಒಳಗೆ, ಮುಂದಿನ ಗಾಜಿನ ಹಿಂದೆ ಒಂದು ಅಂಚಲ್ಲಿ, ಜೇಡರ ಬಲೆ ಹರಿದು ಅಂಟ್ಕೊಂಡಂಗೆ ಇದೆ. ಮೊದಲು ಕೂದಲು ಅಂದ್ಕೊಂಡೆ, ಒರೆಸಿದ್ರೆ ಹೋಗ್ಲಿಲ್ಲ, ಒಳಗಡೆ ಇದೆ. ಹೆಂಡ್ತಿ ಟಾರ್ಚ್ ಹಿಡ್ಕೊಂಡು ನಿಂತಿದ್ಲು, ಇದಕ್ಕಾ 40 ಸಾವಿರ ಅಂದ್ಲು.

ಚೆಂಬೂರ್ ಚಿನ್ನಕ್ಕ
ಅಂಚಲ್ಲಿ ಇದ್ರೆ ಈಗಲೇ ಫೋಟೋದಲ್ಲಿ ಕಾಣಲ್ಲ, ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಮಸುಕು ಮಸುಕು ಬರಬಹುದು. ಬಿಟ್ರೆ ಹರಡುತ್ತೆ, ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತೆ, ಆಮೇಲೆ ತೊಳೆದ್ರೂ ಕಲೆ ಹಾಗೇ ಉಳಿಯುತ್ತೆ. ನನ್ನ ಯಜಮಾನ್ರ ಹಳೇ ರೀಲ್ ಕ್ಯಾಮೆರಾ ಲೆನ್ಸ್ ಹಂಗೇ ಹೋಗಿದ್ದು, ಚರ್ಮದ ಕೇಸಲ್ಲಿ ಹಾಕಿ ಜೋಪಾನ ಮಾಡಿದ್ವಿ, ಆ ಚರ್ಮವೇ ಮನೆಯ ತೇವ ಎಲ್ಲ ಕುಡಿದು ಕೂತಿತ್ತು. ನಿಮ್ಮ ಬ್ಯಾಗಿನ ಸ್ಪಂಜೂ ಅದೇ ಜಾತಿ. ಬ್ಯಾಗ್ ಇರೋದು ಹೊತ್ಕೊಂಡು ಹೋಗೋಕೆ, ಇಟ್ಕೊಳ್ಳೋಕಲ್ಲ.

ಧಾರವಾಡ ಪೇಢೆ
ಅಕ್ಕಾರ, ಅದಕ್ಕ ಸಾವಿರಾರು ರೂಪಾಯಿ ಕಪಾಟ ಯಾಕ? ನಮ್ಮನ್ಯಾಗ ಅಕ್ಕಿ ಡಬ್ಬಿ ಒಳಗ ಇಡ್ತೀವಿ.

ಚೆಂಬೂರ್ ಚಿನ್ನಕ್ಕ
ಅಕ್ಕಿ ಪುಡಿ ಜೂಮ್ ರಿಂಗಿನ ಸಂದೀಲಿ ಹೋಗಿ ಕರಕರ ಅನ್ನೋ ತನಕ ಇಡಿ 😀
ಆದ್ರೆ ಕ್ಯಾಬಿನೆಟ್ಟೇ ಆಗಬೇಕು ಅಂತ ನಾನೂ ಹೇಳಲ್ಲ. ಎರಡು ಲೆನ್ಸಿಗೆ ರಬ್ಬರ್ ಅಂಚಿರೋ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸೋ ಒಂದು ಚಿಕ್ಕ ಮೀಟರ್ (ಹೈಗ್ರೋಮೀಟರ್ ಅಂತ ಕೇಳಿ) ಸಾಕು. ಮುಳ್ಳು 40ರಿಂದ 50ರ ನಡುವೆ ಇರ್ಲಿ. 60 ದಾಟಿ ವಾರಗಟ್ಲೆ ನಿಂತ್ರೆ ಫಂಗಸ್ಸಿಗೆ ಹಬ್ಬ. ತೀರಾ ಒಣಗಿಸಲೂಬೇಡಿ, ಒಳಗಿನ ಗ್ರೀಸು, ರಬ್ಬರಿಗೆ ಒಳ್ಳೇದಲ್ಲ. ಬಣ್ಣ ಬದಲಾಯಿಸೋ ಜೆಲ್ ತಗೊಳ್ಳಿ, ಕಿತ್ತಳೆ ಹೋಗಿ ಹಸಿರಾದ್ರೆ ತೇವ ಕುಡಿದು ಹೊಟ್ಟೆ ತುಂಬಿದೆ ಅಂತ ಅರ್ಥ, ಹಳೇ ಬಾಣಲೇಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ಕಿತ್ತಳೆ ಆಗುತ್ತೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಈ ಜಂಜಾಟ ಬೇಡ, ಮಳೆಗಾಲದಲ್ಲಿ ನೆನಪಿಟ್ಕೊಂಡು ಮಾಡೋಕಾಗಲ್ಲ ಅನ್ನೋರಿಗೆ ಕ್ಯಾಬಿನೆಟ್, ಪ್ಲಗ್ ಹಾಕಿ ಮರೆತ್ಬಿಡಬಹುದು.

ಪುಣೆ ಪಡ್ಡೆ
ಫಂಗಸ್ ಇರೋ ಲೆನ್ಸನ್ನ ಬೇರೆಯವುಗಳ ಜೊತೆ ಇಟ್ರೆ ಅಂಟುತ್ತಂತಲ್ಲ? ಅದನ್ನ ಮೊದಲು ಮನೆಯಿಂದ ಆಚೆ ಹಾಕಿ.

ಚೆಂಬೂರ್ ಚಿನ್ನಕ್ಕ
ಆ ಬೀಜ ಗಾಳೀಲಿ ಎಲ್ಲ ಕಡೆ ಇದ್ದೇ ಇರುತ್ತಪ್ಪ, ಪುಣೇಲೂ ಇದೆ. ಮೊಳೆಯೋಕೆ ತೇವ ಬೇಕು ಅಷ್ಟೇ. ಕ್ಲೀನ್ ಆಗೋ ತನಕ ಬೇರೆ ಇಡ್ಲಿ, ಅದು ಜಾಗ್ರತೆ, ಗಾಬರಿ ಬೇಡ. ಬೋರಾ ಬಜಾರ್ ಕಡೆ ರಿಪೇರಿಯವ್ರ ಹತ್ರ ತೋರಿಸಿ, ಎಷ್ಟು ಅಂತ ಮೊದಲೇ ಕೇಳಿ. ಅದೇ ಲೆನ್ಸ್ ಸೆಕೆಂಡ್ ಹ್ಯಾಂಡಲ್ಲಿ ಸಿಗೋ ಬೆಲೆಗೆ ಹತ್ರ ಬಂದ್ರೆ ಕ್ಲೀನ್ ಮಾಡಿಸೋದೇ ದಂಡ.

ಮುಲುಂಡ್ ಶೆಟ್ರು
ಬೋರಾ ಬಜಾರಿಗೆ ಹೋದ್ರೆ ಒಂದು ನೆನಪಿಡಿ. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೇವೆ ಅಂತಾರೆ ಕೆಲವರು, ಇಲ್ಲಿನ ವಾರಂಟಿ ಇರೂದಿಲ್ಲ ಅದಕ್ಕೆ. ನಾನು ಒಂದು ಅಂಗಡಿಯಲ್ಲಿ ಹಾಗೆ ತಗೊಂಡು ಆರು ತಿಂಗಳಿಗೆ ಫೋಕಸ್ ಮೋಟಾರ್ ಹೋಗಿ ಕೈ ಸುಟ್ಟುಕೊಂಡವ. ಮತ್ತೆ ಫಿಲ್ಟರ್: ನಿಮ್ಮ ಎರಡೂ ಲೆನ್ಸಿನ ಬಾಯಿ 58 ಎಂಎಂ, ಒಂದೇ ಸಾಕು. 50 ಎಂಎಂ ಲೆನ್ಸಿನ ಬಾಯಿ 49, ಅದಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿದ್ರೆ ಅದೇ ಫಿಲ್ಟರ್ ಕೂರ್ತದೆ. ಸಿಗ್ಮಾ ಬಾಯಿ 95, ಊಟದ ಬಟ್ಟಲಿನ ಹಾಗೆ, ಅದಕ್ಕೆ ಫಿಲ್ಟರ್ ಆಸೆ ಬಿಡಿ.

ಡೊಂಬಿವಲಿ ಡಬ್ಬಾ
ಸರಿ. ರಾತ್ರಿ ಕೂತು ಪಟ್ಟಿ ತಿರುಗಿಸಿ ಬರೆದೆ: ಡಬ್ಬಿ-ಜೆಲ್-ಮೀಟರ್ ಈ ವಾರವೇ, 55-250 ರಿಪೇರಿಯವ್ರಿಗೆ ತೋರಿಸೋದು, 50 ಎಂಎಂ, ಬ್ಯಾಟರಿ. ಫ್ಲ್ಯಾಶ್ ಹೊಡೆದು ಹಾಕಿದೆ. ಟ್ರೈಪಾಡ್, ಎನ್‌ಡಿ ಮುಂದಿನ ವರ್ಷಕ್ಕೆ. 150-600 ಅಳಿಸೋಕೆ ಕೈ ಬರ್ಲಿಲ್ಲ ಪೇಢೆಯವ್ರೇ, ಮೇಲಿಂದ ಕೆಳಗೆ ಇಳಿಸಿದೀನಿ ಅಷ್ಟೆ. ಆದ್ರೂ ಈ ಸಲನೂ ಜೀರಿಗೆನೇ ತೆಗೀಬೇಕಾ ಅಂತ ಬೇಜಾರು.

ಧಾರವಾಡ ಪೇಢೆ
ಜೀರಗಿ ಯಾಕ ತೆಗೀತೀರಿ? ಫ್ಲೆಮಿಂಗೋ ಗುಂಪು ಗುಂಪು ಬರೂದು ಚಳಿಗಾಲಕ್ಕ, ಜನವರಿ ತನ ತಡೀರಿ. ಠಾಣೆ ಖಾಡಿ ದಂಡಿಯ ಐರೋಲಿ ಒಳಗ ಬೋಟ್ ಹತ್ತೂಣು, ದಂಡಿಯಿಂದ ತೆಗಿಯೂದಕ್ಕಿಂತ ಭಾಳ ಹತ್ತಿರ ಹೋಗ್ತದ. ನನ್ನ ಲೆನ್ಸೂ ಕ್ಯಾನನ್ ಮೌಂಟ ಅದ, ಅರ್ಧ ತಾಸು ನಿಮ್ಮ ಕ್ಯಾಮೆರಾಕ್ಕ ಹಾಕಿ ನೋಡ್ರಿ, ಭುಜ ಏನಂತದ ಕೇಳ್ರಿ, ಆಮ್ಯಾಲೆ ಇಎಂಐ ಮಾತು.

ಚೆಂಬೂರ್ ಚಿನ್ನಕ್ಕ
ಇದು ಮಾತು. ಉಬ್ಬರ ನೋಡ್ಕೊಂಡು ದಿನ ಹಿಡೀರಿ, ಬೋಟ್ ಹೊರಡೋದೂ ಅದರ ಲೆಕ್ಕಕ್ಕೇ. ಪೂರ್ತಿ ಇಳಿತ ಇದ್ರೆ ಹಕ್ಕಿಗಳು ಕೆಸರಲ್ಲಿ ದೂರ ಚದುರಿರುತ್ವೆ. ನಾನೂ ಬರ್ತೀನಿ. ಪೇಢೆಯವ್ರೇ, ಆ ಲೆನ್ಸಿಗೆ ಮೊದಲು ಟಾರ್ಚ್ ಬಿಟ್ಟು ನೋಡ್ಕೊಂಡು ಬನ್ನಿ.

ಧಾರವಾಡ ಪೇಢೆ
ಅಕ್ಕಾರ, ನೋಡಾಕ ಅಂಜಿಕಿ ಬರಾಕತ್ತದ.

ಮುಲುಂಡ್ ಶೆಟ್ರು
ಠಾಣೆಯಲ್ಲಿ ಟ್ರಾನ್ಸ್-ಹಾರ್ಬರ್ (ಐರೋಲಿ ಕಡೆ ಹೋಗುವ ಲೋಕಲ್) ಪ್ಲಾಟ್‌ಫಾರ್ಮಲ್ಲಿ ಸೇರುವ. ಬನ್ಸ್ ನಾನು ತರ್ತೇನೆ, ಚಟ್ನಿ ಮಾತ್ರ ಯಾರಾದ್ರೂ ಲೆನ್ಸ್ ಇಲ್ಲದ ಬ್ಯಾಗಲ್ಲಿ ಹಾಕ್ಕೊಳ್ಳಿ ಮಾರಾಯ್ರೆ.