ಲೈ–ಲೇ, ಟರ್ನ್ ಇಟ್ ಆಫ್, ಬ್ರಿಂಗ್ ಫಾರ್ವರ್ಡ್: ಈ ಗೊಂದಲ ಬಿಡಿಸೋದು ಹೇಗೆ?

ಮಲೆನಾಡಿಗ_27

ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್‌ಗೆ ಎಲ್ಲಿ ನೋಡಿದ್ರೂ ಸಿಗೋದು ಪಟ್ಟಿಗಳೇ. ಗೊಂದಲದ ಪದಗಳು ಇಷ್ಟು, 'ಪುಟ್ ಆಫ್' ಥರ ಎರಡು-ಮೂರು ಪದ ಸೇರಿದ ಫ್ರೇಸಲ್ ವರ್ಬ್‌ಗಳು ಅಷ್ಟು ಅಂತ. ಬಾಯಿಪಾಠ ಮಾಡಿದ್ದು ವಾಕ್ಯದೊಳಗೆ ಬಂದಾಗ ಕೈಕೊಡುತ್ತೆ. ಮುಖ್ಯವಾಗಿ ಮೂರು ಅನುಮಾನ:

1. 'ಲೈ'–'ಲೇ', 'ರೈಝ್'–'ರೇಝ್' ಎಲ್ಲಿ ಯಾವುದು?
2. 'ಟರ್ನ್ ಇಟ್ ಆಫ್' ಸರಿಯಂತೆ, 'ಟರ್ನ್ ಆಫ್ ಇಟ್' ತಪ್ಪಂತೆ. ಆದ್ರೆ 'ಲುಕ್ ಆಫ್ಟರ್ ಇಟ್' ಸರಿ, 'ಲುಕ್ ಇಟ್ ಆಫ್ಟರ್' ತಪ್ಪು. ಇದಕ್ಕೇನಾದ್ರೂ ನಿಯಮ ಇದೆಯಾ?
3. ಮೀಟಿಂಗ್ 'ಪುಟ್ ಆಫ್' ಆಯ್ತು, 'ಕಾಲ್ ಆಫ್' ಆಯ್ತು, 'ಬ್ರಿಂಗ್ ಫಾರ್ವರ್ಡ್' ಮಾಡಿದ್ರು. ಮೂರರಲ್ಲಿ ಮೀಟಿಂಗ್ ಯಾವಾಗ?

ಕನ್ನಡದ ಮೂಲಕವೇ ನೆನಪಿಟ್ಟುಕೊಳ್ಳೋ ದಾರಿ ಇದ್ರೆ ದಯವಿಟ್ಟು ಹೇಳಿ.

ಅಕ್ಷರಪ್ರೇಮಿ

ಮೊದಲನೇ ಪ್ರಶ್ನೆಗೆ ಉತ್ತರ ನಮ್ಮ '-ಇಸು' ಪ್ರತ್ಯಯದಲ್ಲೇ ಇದೆ. ಏರು–ಏರಿಸು, ಮಲಗು–ಮಲಗಿಸು, ಕೂರು–ಕೂರಿಸು, ಬೀಳು–ಬೀಳಿಸು. ಮೊದಲನೆಯದು ತಾನಾಗಿ ಆಗೋದು, ಎರಡನೆಯದು ಇನ್ನೊಬ್ಬರು ಆಗುವಂತೆ ಮಾಡೋದು. ಹಳೇ ಇಂಗ್ಲಿಷ್‌ನಲ್ಲೂ ಇಂಥದ್ದೇ ಒಂದು ವ್ಯವಸ್ಥೆ ಇತ್ತು. ಪ್ರತ್ಯಯ ಸವೆದುಹೋಗಿ ಈಗ ಒಳಗಿನ ಸ್ವರ ಬದಲಾದ ಕೆಲವು ಜೋಡಿಗಳಷ್ಟೇ ಉಳಿದಿವೆ.

ರೈಝ್ ಅಂದ್ರೆ ಏರು, ರೇಝ್ ಅಂದ್ರೆ ಏರಿಸು. ಬೆಲೆ ಏರಿತು: 'ಪ್ರೈಸಸ್ ರೋಝ್'. ಬೆಲೆ ಏರಿಸಿದರು: 'ದೇ ರೇಝ್ಡ್ ಪ್ರೈಸಸ್'. ಹಾಗೇ ಪ್ರಶ್ನೆ ಎದ್ದಿತು ಅಂದ್ರೆ 'ಅರೋಝ್', ಪ್ರಶ್ನೆ ಎತ್ತಿದರು ಅಂದ್ರೆ 'ರೇಝ್ಡ್'. ಕನ್ನಡದ ವಾಕ್ಯದಲ್ಲಿ ಏರು/ಏಳು ಬಂದರೆ ಒಂದು, ಏರಿಸು/ಎತ್ತು ಬಂದರೆ ಇನ್ನೊಂದು. ಇಲ್ಲಿ ತಲೆ ಕೆಡಿಸಿಕೊಳ್ಳೋಕೆ ಬೇರೇನೂ ಇಲ್ಲ.

ನಿಜವಾದ ತಲೆನೋವು ಲೈ–ಲೇ. ಯಾಕಂದ್ರೆ ಮೊದಲನೆಯದರ ಭೂತಕಾಲವೂ ಎರಡನೆಯದರ ವರ್ತಮಾನವೂ ಒಂದೇ ರೂಪ.

ಮಲಗು, ಬಿದ್ದಿರು: ಲೈ – ಲೇ – ಲೇನ್ – ಲೈಯಿಂಗ್
ಇಡು, ಮಲಗಿಸು: ಲೇ – ಲೇಡ್ – ಲೇಡ್ – ಲೇಯಿಂಗ್
ಸುಳ್ಳು ಹೇಳು: ಲೈ – ಲೈಡ್ – ಲೈಡ್ – ಲೈಯಿಂಗ್

ಎರಡನೇ ಸಾಲನ್ನು 'ಇಡು' ಅಂತಲೇ ನೆನಪಿಡಿ. ಕೋಳಿ ಮೊಟ್ಟೆ ಇಡುತ್ತೆ, ಅಡಿಗಲ್ಲು ಇಡ್ತಾರೆ. ಎರಡಕ್ಕೂ ಇಂಗ್ಲಿಷ್‌ನಲ್ಲಿ 'ಲೇ'. ಏನನ್ನು ಇಟ್ಟರು ಅಂತ ಕೇಳಿದರೆ ಉತ್ತರ ಸಿಗಬೇಕು. ಸಿಗದಿದ್ದರೆ ಅದು ಮೊದಲ ಸಾಲು. ಹಾಗಾಗಿ 'ನಿನ್ನೆ ಇಡೀ ದಿನ ಹಾಸಿಗೆಯಲ್ಲೇ ಮಲಗಿದ್ದ' ಅನ್ನೋದಕ್ಕೆ 'ಹಿ ಲೇ ಇನ್ ಬೆಡ್ ಆಲ್ ಡೇ' ಸರಿ, 'ಲೇಡ್' ತಪ್ಪು. ಇಂಗ್ಲಿಷ್ ಮನೆಮಾತಿನವರೇ ಇಲ್ಲಿ ದಿನಾ ಎಡವುತ್ತಾರೆ. ಪರೀಕ್ಷೆಯವರಿಗೆ ಈ ಜೋಡಿ ಅಷ್ಟು ಪ್ರೀತಿ ಅದಕ್ಕೇ.

ಫಾಲ್–ಫೆಲ್ ಕೂಡ ಇದೇ ಜಾತಿ. ಮರ ತಾನೇ ಬಿತ್ತು: 'ದ ಟ್ರೀ ಫೆಲ್'. ಮರ ಕಡಿದು ಉರುಳಿಸಿದರು: 'ದೇ ಫೆಲ್ಡ್ ದ ಟ್ರೀ'. 'ಫೆಲ್ಡ್' ಅನ್ನೋ ಪದವೇ ಇಲ್ಲ ಅಂದುಕೊಂಡು ಹೊಡೆದುಹಾಕಬೇಡಿ, ಇದೆ.

ಒಂದು ಸ್ವಾರಸ್ಯ: ಡ್ರಿಂಕ್ ಅಂದ್ರೆ ಕುಡಿ, 'ಡ್ರೆಂಚ್' ಅಂದ್ರೆ ಮೂಲದಲ್ಲಿ ಕುಡಿಸು. ಮಳೆಯಲ್ಲಿ ತೊಯ್ದು ತೊಪ್ಪೆಯಾಗೋ ಅರ್ಥ ಆಮೇಲೆ ಬಂದದ್ದು. ನಮ್ಮಲ್ಲಿ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸೋದಕ್ಕೆ ಪಶುವೈದ್ಯರ ಇಂಗ್ಲಿಷ್‌ನಲ್ಲಿ ಇವತ್ತಿಗೂ 'ಡ್ರೆಂಚಿಂಗ್' ಅಂತಲೇ ಹೆಸರು.

ಈ ಉಪಾಯ ಎಲ್ಲಿ ಕೈಕೊಡುತ್ತೆ ಅಂದ್ರೆ, ಬಹುಪಾಲು ಇಂಗ್ಲಿಷ್ ಕ್ರಿಯಾಪದಗಳು ಎರಡೂ ಕೆಲಸವನ್ನು ಒಂದೇ ರೂಪದಲ್ಲಿ ಮಾಡ್ತವೆ. ನೀರು ಕುದಿಯಿತು, ನೀರು ಕುದಿಸಿದಳು: ಎರಡಕ್ಕೂ 'ಬಾಯ್ಲ್ಡ್'. ಅಲ್ಲಿ ಜೋಡಿ ಹುಡುಕಬೇಡಿ. ಇನ್ನೊಂದು, ಚರ್ಚಿಸು, ಪ್ರಯತ್ನಿಸು ಇವುಗಳಲ್ಲಿರೋ '-ಇಸು' ಸಂಸ್ಕೃತ ನಾಮಪದವನ್ನು ಕ್ರಿಯಾಪದ ಮಾಡೋಕೆ ಅಂಟಿದ್ದು, ಮಾಡಿಸೋ ಅರ್ಥದ್ದಲ್ಲ.

ಡಿಕ್ಷನರಿ_ಹುಳ

ಎರಡನೇ ಪ್ರಶ್ನೆಗೆ ನಾನು. ನಿಯಮ ಇದೆ, ಆದ್ರೆ ಪಟ್ಟಿ ಮಾಡೋರು ಅದನ್ನು ಹೇಳೋದೇ ಇಲ್ಲ.

'ಟರ್ನ್ ಆಫ್'ನಲ್ಲಿ 'ಆಫ್' ಅಂಟಿರೋದು ಕ್ರಿಯಾಪದಕ್ಕೆ. 'ಲುಕ್ ಆಫ್ಟರ್'ನಲ್ಲಿ 'ಆಫ್ಟರ್' ಅಂಟಿರೋದು ಮುಂದಿನ ನಾಮಪದಕ್ಕೆ. ಎರಡೂ ಒಂದೇ ಥರ ಕಾಣೋದೇ ಗೊಂದಲಕ್ಕೆ ಕಾರಣ. ಇದಕ್ಕೆ ಹಳೇ ಉದಾಹರಣೆ ಒಂದಿದೆ:

ಅ) ಹಿ ರ್‍ಯಾನ್ ಅಪ್ ಅ ಹಿಲ್. (ಗುಡ್ಡ ಹತ್ತಿ ಓಡಿದ)
ಆ) ಹಿ ರ್‍ಯಾನ್ ಅಪ್ ಅ ಬಿಲ್. (ಸಾಲದ ಬಿಲ್ ಬೆಳೆಸಿಕೊಂಡ)

ಅ ವಾಕ್ಯದಲ್ಲಿ 'ಅಪ್ ಅ ಹಿಲ್' ಒಂದು ಗಂಟು, ನಮ್ಮ 'ಗುಡ್ಡದ ಮೇಲಕ್ಕೆ' ಇದ್ದ ಹಾಗೆ. ಎರಡನೇ ವಾಕ್ಯದಲ್ಲಿ 'ರ್‍ಯಾನ್ ಅಪ್' ಒಂದು ಗಂಟು. ಯಾವ ಗಂಟು ಅಂತ ತಿಳಿಯೋಕೆ ಮೂರು ಪರೀಕ್ಷೆ.

ಸರ್ವನಾಮ ಹಾಕಿ ನೋಡಿ. 'ರ್‍ಯಾನ್ ಅಪ್ ಇಟ್' ಅಂದ್ರೆ ಗುಡ್ಡ, 'ರ್‍ಯಾನ್ ಇಟ್ ಅಪ್' ಅಂದ್ರೆ ಬಿಲ್. ಬಿಲ್ ಗುಂಪಿನಲ್ಲಿ ಪೂರ್ತಿ ನಾಮಪದ ಎರಡು ಕಡೆಯೂ ಕೂರುತ್ತೆ ('ಟರ್ನ್ ಆಫ್ ದ ಲೈಟ್', 'ಟರ್ನ್ ದ ಲೈಟ್ ಆಫ್'). ಇಟ್, ದೆಮ್, ಹಿಮ್ ಮಾತ್ರ ಕಡ್ಡಾಯವಾಗಿ ನಡುವೆ ಬರಬೇಕು.

ನಡುವೆ ಕ್ರಿಯಾವಿಶೇಷಣ ತುರುಕಿ. 'ಲುಕ್ ಕೇರ್‌ಫುಲಿ ಇಂಟು ದ ಮ್ಯಾಟರ್' ನಡೆಯುತ್ತೆ. 'ಟರ್ನ್ ಕ್ವಿಕ್ಲಿ ಆಫ್ ದ ಲೈಟ್' ನಡೆಯಲ್ಲ.

ಒತ್ತು ಕೇಳಿ. 'ಟರ್ನ್ ಇಟ್ ಆಫ್' ಅನ್ನುವಾಗ ಒತ್ತು 'ಆಫ್' ಮೇಲೆ. 'ಲುಕ್ ಅಟ್ ಇಟ್' ಅನ್ನುವಾಗ 'ಲುಕ್' ಮೇಲೆ, 'ಅಟ್' ನುಂಗಿಹೋಗುತ್ತೆ. ಪಾರ್ಟಿಕಲ್ (ಆಫ್, ಅಪ್ ಥರದ ಪುಟ್ಟ ಪದ) ಗಟ್ಟಿಯಾಗಿ ಕೇಳಿಸಿದರೆ ಅದು ಸಾಮಾನ್ಯವಾಗಿ ಬಿಡಿಸಬಹುದಾದ ಜಾತಿ. ಆದರೆ 'ಲುಕ್ ಆಫ್ಟರ್ ಇಟ್'ನಲ್ಲಿ 'ಆಫ್ಟರ್'ಗೂ ಸ್ವಲ್ಪ ಒತ್ತು ಬೀಳುತ್ತೆ, ಹಾಗಾಗಿ ಮೂರರಲ್ಲಿ ಇದನ್ನು ಕೊನೆಗೆ ನಂಬಿ.

ಮೂರು ಪದದವು (ಪುಟ್ ಅಪ್ ವಿತ್, ರನ್ ಔಟ್ ಆಫ್, ಲುಕ್ ಫಾರ್ವರ್ಡ್ ಟು) ಒಡೆಯಲ್ಲ. ಸಹಿಸು ಅನ್ನೋ ಅರ್ಥದಲ್ಲಿ 'ಪುಟ್ ಅಪ್ ವಿತ್ ಇಟ್' ಮಾತ್ರ. 'ಲುಕ್ ಫಾರ್ವರ್ಡ್ ಟು' ಆದ ಮೇಲೆ ಬರೀ ಕ್ರಿಯಾಪದ ಬರಕೂಡದು, '-ಇಂಗ್' ಬೇಕು. ಆ 'ಟು' ಜಾಗದ ಮುಂದೆ 'ದ ಮೀಟಿಂಗ್' ಅಂತ ನಾಮಪದ ಹಾಕಿ ನೋಡಿ. ಹೊಂದಿದರೆ '-ಇಂಗ್' ಖಾಯಂ. 'ಬಿ ಯೂಸ್ಡ್ ಟು' (ಅಭ್ಯಾಸವಾಗಿದೆ) ಕೂಡ ಹಾಗೇ. ಬರೀ 'ಯೂಸ್ಡ್ ಟು' (ಮಾಡ್ತಿದ್ದೆ, ಈಗಿಲ್ಲ) ಹಾಗಲ್ಲ.

ಅರ್ಥದ ಬಗ್ಗೆ ಒಂದು ಮಾತು. 'ಈಟ್ ಅಪ್', 'ಯೂಸ್ ಅಪ್', 'ಡ್ರಿಂಕ್ ಅಪ್' ಇಲ್ಲೆಲ್ಲ ಮೇಲೆ-ಕೆಳಗೆ ಅಂತ ಹುಡುಕಬೇಡಿ. ಅದು ನಮ್ಮ 'ಬಿಡು', 'ಹಾಕು' ಇದ್ದ ಹಾಗೆ: ತಿಂದುಬಿಡು, ಕುಡಿದುಬಿಡು, ಖರ್ಚು ಮಾಡಿಹಾಕು. ತಿಂದುಬಿಡು ಅನ್ನುವಾಗ ನಾವು ಏನನ್ನೂ ಬಿಡೋದಿಲ್ಲವಲ್ಲ!

ಕರಡು_ತಿದ್ದುವವ

ಮೂರನೇ ಪ್ರಶ್ನೆ ಕನ್ನಡಿಗರಿಗೆ ಅಂತಲೇ ಇಟ್ಟ ಬೋನು. ಆಫೀಸ್ ಮೇಲ್‌ನಲ್ಲಿ ಇದು ತಪ್ಪಿದರೆ ಮೀಟಿಂಗೇ ತಪ್ಪುತ್ತೆ.

ಕಾಲ್ ಆಫ್: ರದ್ದು. ಮುಷ್ಕರ ಕೈಬಿಟ್ಟರು ಅನ್ನೋದಕ್ಕೂ ಇದೇ.
ಪುಟ್ ಆಫ್: ಮುಂದೂಡು. 'ಪುಶ್ ಬ್ಯಾಕ್' ಕೂಡ ಮುಂದೂಡು.
ಬ್ರಿಂಗ್ ಫಾರ್ವರ್ಡ್: ಮೊದಲೇ ನಡೆಸು, ಅಂದರೆ ನಮ್ಮವರು 'ಪ್ರಿಪೋನ್' ಅನ್ನೋದು.
ಪುಟ್ ಫಾರ್ವರ್ಡ್: ಸಲಹೆ, ಪ್ರಸ್ತಾಪ ಮುಂದಿಡು.

ಬೋನು ಎಲ್ಲಿದೆ ನೋಡಿ. ಕನ್ನಡದಲ್ಲಿ 'ಮುಂದಕ್ಕೆ ಹಾಕಿದರು' ಅಂದ್ರೆ ತಡ. ಇಂಗ್ಲಿಷ್‌ನಲ್ಲಿ 'ಫಾರ್ವರ್ಡ್' ತಂದರೆ ಬೇಗ, 'ಬ್ಯಾಕ್' ತಳ್ಳಿದರೆ ತಡ. ಪದಕ್ಕೆ ಪದ ಇಟ್ಟುಕೊಂಡು ಓದಿದರೆ ಪೂರ್ತಿ ಉಲ್ಟಾ. ಮುಂದಿಡು ಮತ್ತು ಮುಂದೂಡು ಬೇರೆ ಅಂತ ನಮಗೆ ಗೊತ್ತಲ್ಲ, ಹಾಗೇ 'ಪುಟ್ ಫಾರ್ವರ್ಡ್' ಮುಂದಿಡು, 'ಪುಟ್ ಆಫ್' ಮುಂದೂಡು.

'ಮೂವ್ ಫಾರ್ವರ್ಡ್' ಅಂತ ಮಾತ್ರ ಬರೆಯಲೇಬೇಡಿ. ಬುಧವಾರದ ಮೀಟಿಂಗ್ ಎರಡು ದಿನ 'ಮೂವ್ಡ್ ಫಾರ್ವರ್ಡ್' ಅಂದರೆ ಇಂಗ್ಲಿಷ್‌ನವರಲ್ಲೇ ಕೆಲವರು ಸೋಮವಾರ ಅಂತಾರೆ, ಕೆಲವರು ಶುಕ್ರವಾರ. ಹಳೇ ತಾರೀಕು, ಹೊಸ ತಾರೀಕು ಎರಡನ್ನೂ ಬರೆದುಬಿಟ್ಟರೆ ಕ್ರಿಯಾಪದದ ಹಂಗೇ ಇಲ್ಲ.

ಇದರ ಜೊತೆ ಗಡುವಿನ ಪದಗಳನ್ನೂ ನೋಡಿಕೊಳ್ಳಿ. 'ಶುಕ್ರವಾರದೊಳಗೆ ಕೊಡಿ' ಅಂದ್ರೆ 'ಬೈ ಫ್ರೈಡೇ'. 'ಎರಡು ದಿನದೊಳಗೆ' ಅಂದ್ರೆ 'ವಿದಿನ್ ಟೂ ಡೇಸ್'. ನಮಗೆ ಎರಡೂ 'ಒಳಗೆ', ಅವರಿಗೆ ನಿಗದಿತ ದಿನಕ್ಕೆ ಒಂದು, ಅವಧಿಗೆ ಇನ್ನೊಂದು. 'ಶುಕ್ರವಾರದ ತನಕ ಇರ್ತೀನಿ' ಅನ್ನೋದಕ್ಕೆ ಮಾತ್ರ 'ಅಂಟಿಲ್'. '-ಇಂದ'ದ್ದೂ ಇದೇ ಕಥೆ: '2021ರಿಂದ' ಅಂದರೆ 'ಸಿನ್ಸ್', 'ಮೂರು ವರ್ಷದಿಂದ' ಅಂದರೆ 'ಫಾರ್'. ಎರಡರಲ್ಲೂ ಕ್ರಿಯಾಪದ 'ಹ್ಯಾವ್ ಬೀನ್' ಆಗಬೇಕು. 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಅನ್ನೋ ಒಂದೇ ವಾಕ್ಯದಲ್ಲಿ ಎರಡು ತಪ್ಪು.

ಅಕ್ಷರಪ್ರೇಮಿ

@ಕರಡು_ತಿದ್ದುವವ, 'ಪ್ರಿಪೋನ್' ತಪ್ಪು ಅಂತೀರಾ? ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ.

ಕರಡು_ತಿದ್ದುವವ

ತಪ್ಪು ಅಂದಿಲ್ಲ. ಅಲ್ಲಿ ಭಾರತೀಯ ಇಂಗ್ಲಿಷ್ ಅನ್ನೋ ಗುರುತಿನ ಜೊತೆಗಿದೆ. ಪೋಸ್ಟ್‌ಪೋನ್‌ಗೆ ಎದುರಾಗಿ ಚೊಕ್ಕವಾಗಿ ಕೂರುವ ಪದ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರೆಯೋಕೆ ಧಾರಾಳ ಸಾಕು. ಲಂಡನ್‌ಗೆ ಬರೆಯುವಾಗ 'ಬ್ರಿಂಗ್ ಫಾರ್ವರ್ಡ್' ಇರಲಿ. ಆದ್ರೆ 'ಪಾಸ್ ಔಟ್' ವಿಷಯದಲ್ಲಿ ಹುಷಾರು. 'ಐ ಪಾಸ್ಡ್ ಔಟ್ ಇನ್ 2019' ಅಂತ ರೆಸ್ಯೂಮೆಯಲ್ಲಿ ಹಾಕಿದರೆ ಹೊರದೇಶದವರಿಗೆ ನೀವು ಮೂರ್ಛೆ ಹೋದ ಹಾಗೆ ಕೇಳಿಸಬಹುದು, 'ಗ್ರ್ಯಾಜುಯೇಟೆಡ್' ಅನ್ನಿ. ಸೈನ್ಯದ 'ಪಾಸಿಂಗ್ ಔಟ್ ಪರೇಡ್' ಬೇರೆ, ಅದು ಬ್ರಿಟನ್ನಿನಲ್ಲೂ ಅದೇ ಹೆಸರು. 'ಕೋಪ್ ಅಪ್ ವಿತ್' ಮಾತ್ರ ನೇರ ತಪ್ಪು, 'ಕೋಪ್ ವಿತ್' ಸಾಕು.

ಮಲೆನಾಡಿಗ_27

ಎಲ್ಲರಿಗೂ ಧನ್ಯವಾದ, '-ಇಸು' ಮತ್ತು ಗುಡ್ಡ-ಬಿಲ್ಲು ತಲೆಯಲ್ಲಿ ಕೂತವು. ಇನ್ನೆರಡು ಉಳಿದಿವೆ. 'ಡಿಸ್ಕಸ್ ಅಬೌಟ್' ಯಾಕೆ ತಪ್ಪು, 'ಡಿಸ್ಕಷನ್ ಅಬೌಟ್' ಯಾಕೆ ಸರಿ? ಹಾಗೇ 'ಲಾಗಿನ್' ಒಂದು ಪದವೋ ಎರಡೋ?

ಡಿಕ್ಷನರಿ_ಹುಳ

ಡಿಸ್ಕಸ್ ಸಕರ್ಮಕ ಕ್ರಿಯಾಪದ, ಕರ್ಮವನ್ನು ನೇರವಾಗಿ ತಗೊಳ್ಳುತ್ತೆ: 'ಡಿಸ್ಕಸ್ ದ ಬಜೆಟ್'. ನಾಮಪದಕ್ಕೆ ಆ ಶಕ್ತಿ ಇಲ್ಲ, ಅದಕ್ಕೆ ನಡುವೆ ಒಂದು ಸೇತುವೆ ಬೇಕು: 'ಡಿಸ್ಕಷನ್ ಅಬೌಟ್ ದ ಬಜೆಟ್'. 'ಬಜೆಟ್ ಬಗ್ಗೆ ಚರ್ಚಿಸಿದರು' ಅಂತ ಕನ್ನಡದಲ್ಲಿ 'ಬಗ್ಗೆ' ಇರೋದರಿಂದ ನಮ್ಮ ಕೈ ಅಲ್ಲಿಗೆ ಹೋಗುತ್ತೆ. 'ಆರ್ಡರ್', 'ರಿಕ್ವೆಸ್ಟ್' ಕೂಡ ಹೀಗೇ: ಕ್ರಿಯಾಪದವಾದಾಗ 'ಫಾರ್' ಬೇಡ ('ಆರ್ಡರ್ಡ್ ಟೂ ಕಾಫಿಸ್'), ನಾಮಪದವಾದಾಗ ಬೇಕು ('ಆನ್ ಆರ್ಡರ್ ಫಾರ್ ಟೂ ಕಾಫಿಸ್').

ಲಾಗಿನ್‌ಗೆ ಭೂತಕಾಲ ಮಾಡಿ ನೋಡಿ. 'ಲಾಗ್ಡ್ ಇನ್' ಆಗುತ್ತೆ, 'ಲಾಗಿನ್ಡ್' ಆಗಲ್ಲ. ಹಾಗಾಗಿ ಕ್ರಿಯಾಪದ ಎರಡು ಪದ; 'ಲಾಗಿನ್ ಪೇಜ್', 'ಲಾಗಿನ್ ಹೆಸರು' ಅನ್ನುವಾಗ ಒಂದು. ಬ್ಯಾಕಪ್, ಸೆಟಪ್, ಚೆಕಪ್ ಎಲ್ಲಕ್ಕೂ ಇದೇ ಪರೀಕ್ಷೆ.

ಅಕ್ಷರಪ್ರೇಮಿ

ಸ್ಪೆಲಿಂಗ್ ಮಾತು ಬಂತಲ್ಲ, ಒಂದೆರಡು ಸೇರಿಸ್ತೀನಿ. 'ಬೋಲ್ಟ್ ಲೂಸ್ ಆಗಿದೆ' ಅಂತ ಕನ್ನಡದಲ್ಲೇ ಹೇಳ್ತೀವಲ್ಲ, ಆ ಸಡಿಲದ ಲೂಸ್‌ಗೆ ಎರಡು ಓ, ಕೊನೆಗೆ 'ಸ್' ಶಬ್ದ. ಕಳೆದುಕೊಳ್ಳೋ 'ಲೂಝ್'ಗೆ ಒಂದೇ ಓ, ಕೊನೆಗೆ 'ಝ್' ಶಬ್ದ. ಒಂದು ಓ ಕಳೆದುಹೋಗಿದೆ ಅಂದುಕೊಳ್ಳಿ.

'ಅಡ್ವೈಸ್', 'ಅಡ್ವೈಝ್' ಕೂಡ ಕಿವಿಯಿಂದಲೇ ಬಿಡಿಸಬಹುದು. 'ಸ್' ಕೇಳಿಸಿದರೆ ಸಿ ಅಕ್ಷರ, ಅದು ಸಲಹೆ. 'ಝ್' ಕೇಳಿಸಿದರೆ ಎಸ್ ಅಕ್ಷರ, ಅದು ಸಲಹೆ ಕೊಡು. ಸಲಹೆ ಎಷ್ಟಿದ್ದರೂ ಬಹುವಚನ ಇಲ್ಲ, 'ಅಡ್ವೈಸಸ್' ಬರೆಯಬೇಡಿ. 'ಪ್ರಾಕ್ಟಿಸ್'ನಲ್ಲಿ ಶಬ್ದ ಒಂದೇ ಆದ್ದರಿಂದ ಕಿವಿ ನೆರವಿಗೆ ಬರಲ್ಲ: ಬ್ರಿಟಿಷ್ ಬರವಣಿಗೆಯಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್, ಅಮೆರಿಕದವರು ಎರಡಕ್ಕೂ ಸಿ ಹಾಕ್ತಾರೆ. ಉತ್ತರಪತ್ರಿಕೆಯಲ್ಲಿ ಎರಡು ಪದ್ಧತಿ ಬೆರೆಸಬೇಡಿ.