ಪೆರ್ಲದ ಕೂಸಿಗೆ, ನಾಯಿಯ ಹೊಟ್ಟೆ ವಿಷಯ

ಹಾಂ, ಕೆಂಪು ಚುಕ್ಕೆ ಬಂತು, ರೆಕಾರ್ಡ್ ಆಗುತ್ತಿದೆ. ಕೂಸೇ, ಅತ್ತೆ ಮಾತಾಡುವುದು. ನಿನ್ನ ಮೆಸೇಜನ್ನು ಮೊಮ್ಮಗಳ ಹತ್ತಿರ ಓದಿಸಿ ಕೇಳಿದೆ. ನಿಮ್ಮ ಎಂಟು ತಿಂಗಳ ಗ್ರೇಟ್ ಡೇನ್ ನಿನ್ನೆ ರಾತ್ರಿ ಅನ್ನ ತಿಂದು ತೋಟಕ್ಕೆಲ್ಲ ಓಡಿ ಬಂತು, ಹೊಟ್ಟೆ ಉಬ್ಬಿತ್ತು, ಓಕರಿಸಿದರೂ ಏನೂ ಹೊರಗೆ ಬರಲಿಲ್ಲ, ಬೆಳಿಗ್ಗೆ ಸರಿಯಾಗಿತ್ತು, ಗ್ಯಾಸ್ ಇರಬಹುದಾ, ಜೀರಿಗೆ ಕಷಾಯ ಕೊಡಲಾ ಅಂತ ಕೇಳಿದ್ದೀಯಲ್ಲ. ಅದರ ಕೆಳಗೆ ಒಬ್ಬರು ಇಂಗು ಅಂತ ಬರೆದಿದ್ದಾರೆ. ಇನ್ನೊಬ್ಬರು ಕೈ ಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಇಂಗಿಗೂ ಕಷಾಯಕ್ಕೂ ಬಗ್ಗುವ ವಿಷಯ ಇದಲ್ಲ. ಆ ಜಾತಿಯ ನಾಯಿಗೆ ಹೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯಬಾರದು. ನಮ್ಮ ಟೈಗರ್ ಹೋದದ್ದು ಹೀಗೇ, ನಿಮಗೆಲ್ಲ ಗೊತ್ತಿದೆ.

ನೀನಾಗ ಶಾಲೆಗೆ ಹೋಗುವ ಪ್ರಾಯ. ಟೈಗರನ್ನು ಇವರು ಮಂಗಳೂರಿನಿಂದ ತಂದದ್ದು. ಹೊಂಬಣ್ಣದ ಮೈ, ಕಪ್ಪು ಮುಸುಡು, ನಿಂತರೆ ಬೆನ್ನು ಊಟದ ಮೇಜಿನ ಮಟ್ಟಕ್ಕೆ ಬರುತ್ತಿತ್ತು. ತಂದದ್ದು ಯಾಕೆ? ತೋಟದ ಹಂದಿ ಓಡಿಸಲಿಕ್ಕೆ. ಹಿಂದೆ ಜರ್ಮನಿಯಲ್ಲಿ ಇವುಗಳನ್ನು ಕಾಡುಹಂದಿ ಬೇಟೆಗೇ ಸಾಕುತ್ತಿದ್ದರಂತೆ. ಹಂದಿಯ ಕೋರೆಗೆ ಸಿಕ್ಕಿ ಹರಿಯಬಾರದು ಅಂತ ಕಿವಿಯನ್ನೂ ಕತ್ತರಿಸಿ ಬಿಡುತ್ತಿದ್ದರಂತೆ. ಅದೆಲ್ಲ ಅಲ್ಲಿಯ ಕಥೆ. ನಮ್ಮದು ಹಂದಿಯ ಸದ್ದು ಕೇಳಿದರೆ ಜಗಲಿ ಹತ್ತಿ ನನ್ನ ಸೀರೆಯ ಹಿಂದೆ ನಿಲ್ಲುತ್ತಿತ್ತು. ಪಾಪದ್ದು. ಆದರೆ ಗೇಟಿನ ಹೊರಗಿನವರಿಗೆ ಅದು ಪಾಪದ್ದು ಅಂತ ಗೊತ್ತಿರಲಿಲ್ಲ, ಅಷ್ಟೇ ಲಾಭ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ ಅಲ್ವಾ, ಅದಕ್ಕೋಸ್ಕರ ಹಟ್ಟಿಯ ಹತ್ತಿರ ಬೇರೆ ಒಲೆ, ಬೇರೆ ಪಾತ್ರೆ. ಇವರೇ ಬೇಯಿಸುತ್ತಿದ್ದರು. ನನಗೆ ಒಂದು ದಿನ ಚಾ ಮಾಡಿ ಕೊಟ್ಟವರಲ್ಲ.

ದೊಡ್ಡ ಮಾಣಿಯ ಉಪನಯನದ ದಿನ. ಕೊನೆಯ ಪಂಕ್ತಿ ಎದ್ದ ಮೇಲೆ ಅಡಿಗೆಯವರ ಜತೆ ಬಂದ ಹುಡುಗರು ಉಳಿದ ಅನ್ನ, ಸಾಂಬಾರು, ಕಡ್ಲೆಬೇಳೆ ಪಾಯಸ, ಹೋಳಿಗೆ ಎಲ್ಲ ಒಂದೇ ಬಕೆಟಿಗೆ ಸುರಿದು ಅದರ ಮುಂದೆ ಇಟ್ಟರು. ಬೇಡ ಮಕ್ಕಳೇ ಅಂತ ನಾನು ಅಡಿಗೆ ಮನೆಯ ಕಿಟಕಿಯಿಂದ ಕೂಗಿದೆ. ಯಾರು ಕೇಳುತ್ತಾರೆ? ಅದು ಉಸಿರು ಬಿಡದೆ ಗಬಗಬ ತಿಂದಿತು. ತಿಂದ ಕೂಡಲೇ ಮಕ್ಕಳ ಜತೆ ಚಪ್ಪರದ ಕೆಳಗೆ ಓಟ.

ರಾತ್ರಿ ಎಲ್ಲರೂ ಚಾಪೆ ಹಾಸಿ ಮಲಗಿದ್ದೆವು. ಹಟ್ಟಿಯ ಬದಿಯಲ್ಲಿ ಏನೋ ಸದ್ದಾಯಿತು. ಟಾರ್ಚ್ ಹಾಕಿ ನೋಡಿದರೆ ಟೈಗರ್ ನಿಂತೇ ಇದೆ. ಕೂರುವುದಿಲ್ಲ, ಮಲಗುವುದಿಲ್ಲ. ನಾಲ್ಕು ಹೆಜ್ಜೆ ಹೋಗುವುದು, ಕುತ್ತಿಗೆ ಉದ್ದ ಮಾಡಿ ಓಕರಿಸುವುದು, ಬಾಯಿಂದ ದಪ್ಪ ನೊರೆ ಮಾತ್ರ ಇಳಿಯುವುದು. ಮತ್ತೆ ತಿರುಗಿ ತನ್ನ ಹೊಟ್ಟೆಯನ್ನೇ ನೋಡುವುದು. ಪಕ್ಕೆಲುಬಿನ ಹಿಂದೆ ಬೆರಳಲ್ಲಿ ತಟ್ಟಿ ನೋಡಿದೆ, ಬಿಗಿದ ಮದ್ದಳೆ ಬಡಿದ ಹಾಗೆ ಸದ್ದು. ತುಟಿ ಎತ್ತಿದರೆ ಒಸಡು ಬಿಳಚಿಕೊಂಡಿದೆ.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಈ ನಾಯಿಗಳ ಎದೆ ಆಳ, ಅಗಲ ಕಡಿಮೆ. ಹೊಟ್ಟೆ ಗಾಳಿ ತುಂಬಿ ಉಬ್ಬಿದಾಗ ಒಳಗೇ ಮಗುಚಿ ತಿರುಚಿಕೊಳ್ಳುತ್ತದೆ. ಮೇಲಿನ ದಾರಿಯೂ ಬಂದ್, ಕೆಳಗಿನ ದಾರಿಯೂ ಬಂದ್. ಅದಕ್ಕೇ ಓಕರಿಸಿದರೂ ಏನೂ ಬರುವುದಿಲ್ಲ. ಉಬ್ಬಿದ ಹೊಟ್ಟೆ ಹೃದಯಕ್ಕೆ ರಕ್ತ ವಾಪಸು ತರುವ ದೊಡ್ಡ ನಾಳವನ್ನು ಒತ್ತಿ ಹಿಡಿಯುತ್ತದೆ. ಪಕ್ಕದ ಗುಲ್ಮವೂ ಜತೆಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಕೆಲವೇ ಗಂಟೆಯ ಆಟ. ಗಾಳಿ ತೆಗೆದು, ಹೊಟ್ಟೆ ಕೊಯ್ದು ಸರಿ ಮಾಡಬೇಕು, ಬೇರೆ ಮದ್ದಿಲ್ಲ. ಎಲ್ಲ ಜಾತಿಗಳ ಪೈಕಿ ಈ ಅಪಾಯ ಅತಿ ಜಾಸ್ತಿ ಇರುವವುಗಳಲ್ಲಿ ಗ್ರೇಟ್ ಡೇನ್ ಒಂದು. ಆದ್ದರಿಂದ ಪುನಃ ಹೇಳುತ್ತೇನೆ ಕೂಸೇ, ಹೊಟ್ಟೆ ಉಬ್ಬಿ ಬರಿದೇ ಓಕರಿಸಿದರೆ ಬೆಳಗಾಗುವವರೆಗೆ ಕಾಯಬಾರದು.

ನಾವು ಕಾಯಲಿಲ್ಲ. ಹೋಗಲಿಕ್ಕೆ ಗಾಡಿ ಬೇಕಿತ್ತು. ನಮ್ಮ ಮನೆಯಲ್ಲಿ ಆಗ ಇದ್ದದ್ದು ಸ್ಕೂಟರ್. 70 ಕಿಲೋದ ನಾಯಿಯನ್ನು ಸ್ಕೂಟರಿನಲ್ಲಿ ಕೂರಿಸಲಿಕ್ಕೆ ಆಗುತ್ತದಾ? ಅಂಗಳದಲ್ಲಿ ಜೀಪು ನಿಂತಿತ್ತು, ನೆಂಟರದ್ದು. ಹೆಸರು ಹೇಳುವುದಿಲ್ಲ, ಅವರ ಮಕ್ಕಳೂ ಈ ಗ್ರೂಪಿನಲ್ಲಿದ್ದಾರೆ. ಎಬ್ಬಿಸಿ ಕೇಳಿದರೆ ಏನು ಹೇಳಿದರು ಗೊತ್ತಾ? ಹೊಸ ಸೀಟು, ರೋಮ ಅಂಟಿದರೆ ಹೋಗುವುದಿಲ್ಲ, ಬೆಳಿಗ್ಗೆ ನೋಡುವ ಅಂತ. ಬದಿಯಡ್ಕ ಪೇಟೆಗೆ ಆಳು ಕಳಿಸಿ, ಬಾಡಿಗೆ ಜೀಪಿನವನನ್ನು ಎಬ್ಬಿಸಿ, ಹೊರಡುವಾಗ ತುಂಬಾ ತಡವಾಯಿತು. ಕುಂಬಳೆ ದಾಟಿತು. ಉಪ್ಪಳದ ಹತ್ತಿರ ಅದರ ತಲೆ ಇವರ ಮಡಿಲಿಗೆ ಬಿತ್ತು. ತಲಪಾಡಿ ಗೇಟಿನವರೆಗೂ ಹೋಗಲಿಲ್ಲ ಅದು.

ಅದೇ ಜೀಪಿನವರು ಮಗಳ ಮದುವೆಗೆ ನಮ್ಮ ದೊಡ್ಡ ಕೊಪ್ಪರಿಗೆ ಕೇಳಿಕೊಂಡು ಬಂದರು. ಕೊಟ್ಟೆ. ನಾನು ಹಾಗೆಲ್ಲ ಲೆಕ್ಕ ಇಡುವವಳಲ್ಲ. ಹಿಂದೆ ಬರುವಾಗ ಕಂಠ ನೆಗ್ಗಿತ್ತು, ಬುಡದಲ್ಲಿ ಪಾಯಸ ಹಿಡಿದು ಕರಕಲು. ಒಂದು ಮಾತು ಇಲ್ಲ. ನಮ್ಮ ಅತ್ತೆಯವರು ತವರಿಂದ ತಂದ ಕೊಪ್ಪರಿಗೆ ಅದು. ಹೋಗಲಿ ಬಿಡಿ. ಅಲ್ಲ, ಸೀಟಿಗೆ ರೋಮ ಆಗಬಾರದು, ಕೊಪ್ಪರಿಗೆ ಮಾತ್ರ ಹೇಗೂ ಆಗಬಹುದಾ?

ಮತ್ತೆ ಈಗಿನವರದ್ದು ಇನ್ನೊಂದು. ನಿನ್ನ ಮಾಣಿ ಬೆಂಗಳೂರಿನ ಎರಡು ಕೋಣೆಯ ಫ್ಲಾಟಿಗೆ ಆ ಮರಿಯನ್ನು ತಂದ. ಫೋಟೋ ಹಾಕಿದ, ಎಲ್ಲರೂ ಹಾರ್ಟ್ ಒತ್ತಿದಿರಿ. ಅದು ಮೇಜಿನೆತ್ತರ ಬೆಳೆದ ಕೂಡಲೇ ಊರಿಗೆ ಸಾಗಿಸಿದ. ನಿನಗೆ ಮೊಣಕಾಲು ನೋವು, ಅಳಿಯನಿಗೆ ಅಡಿಕೆ ಕೊಯ್ಲಿನ ಗಡಿಬಿಡಿ. ಅದು ಪೂರ್ತಿ ಬೆಳೆದರೆ ಹಗ್ಗ ಹಿಡಿಯುವವರು ಯಾರು? ಈಗಲೇ ಕರೆದರೆ ಬರಲಿಕ್ಕೆ, ಹಗ್ಗ ಎಳೆಯದೆ ನಡೆಯಲಿಕ್ಕೆ ಕಲಿಸದಿದ್ದರೆ ಆಮೇಲೆ ಅದು ನಿನ್ನನ್ನು ನಡೆಸುತ್ತದೆ. ಗ್ರೇಟ್ ಡೇನ್ ಬದುಕುವುದೇ ಹೆಚ್ಚೆಂದರೆ 8-10 ವರ್ಷ. ಅಷ್ಟು ವರ್ಷ ನೋಡಿಕೊಳ್ಳಲಿಕ್ಕೆ ಆಗದವನು ತರಬಾರದಿತ್ತು. ಮಾಣಿ ಇದನ್ನು ಕೇಳುತ್ತಿದ್ದರೆ ಕೇಳಲಿ.

ಅಯ್ಯೋ, ನೀನು ಕೇಳಿದ್ದು ಏನು ಮಾಡಬೇಕು ಅಂತ ಅಲ್ವಾ. ಅದನ್ನೇ ಬಿಟ್ಟೆ.

ನಾಳೆಗೆ ಇಡಬೇಡ, ಈಗಲೇ ಡಾಕ್ಟರಿಗೆ ಫೋನ್ ಮಾಡಿ ನಿನ್ನೆ ರಾತ್ರಿಯ ವಿಷಯ ಹೇಳು, ನಾಯಿಯನ್ನು ತೋರಿಸು. ಬೆಳಿಗ್ಗೆ ಸರಿಯಾಯಿತು ಅಂತ ಬಿಡಬೇಡ, ಒಮ್ಮೆ ಉಬ್ಬಿದ್ದು ಮತ್ತೊಮ್ಮೆ ಉಬ್ಬಬಹುದು. ಕಾಸರಗೋಡು, ಪುತ್ತೂರು, ಮಂಗಳೂರು, ಎಲ್ಲಿ ರಾತ್ರಿ ಆಪರೇಷನ್ ಮಾಡುವವರಿದ್ದಾರೆ ಅಂತ ಇವತ್ತೇ ವಿಚಾರಿಸಿ ನಂಬರನ್ನು ಗೋಡೆಗೆ ಅಂಟಿಸು. ಗಾಡಿ ಯಾರದ್ದು ಅಂತಲೂ ಮಾತಾಡಿ ಇಡು. ಒಂದೇ ಸಲ ರಾಶಿ ಹಾಕಬೇಡ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಕೊಡು. ಗಬಗಬ ತಿನ್ನುವುದಾದರೆ ಅಗಲದ ಹರಿವಾಣದಲ್ಲಿ ಹರಡಿ ಹಾಕು. ಎತ್ತರದ ಸ್ಟ್ಯಾಂಡಿನ ಮೇಲೆ ತಟ್ಟೆ ಇಡುವ ಫ್ಯಾಶನ್ ಬೇಡ, ಅದರಿಂದ ಅಪಾಯ ಜಾಸ್ತಿ ಅಂತ ಅಮೆರಿಕದವರು ನೋಡಿ ಹೇಳಿದ್ದಾರಂತೆ. ತಿಂದ ಮೇಲೆ ಒಂದೆರಡು ಗಂಟೆ ಕಟ್ಟಿ ಹಾಕು, ಓಟ ಬೇಡ. ಎಲುಬು ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಪುಡಿ ಸುರಿಯಬೇಡ. ದೊಡ್ಡ ಜಾತಿಯ ಮರಿಗೆ ಅದು ಜಾಸ್ತಿಯಾದರೆ ಎಲುಬೇ ವಕ್ರವಾಗುತ್ತದೆ. ಸಿಮೆಂಟ್ ನೆಲದಲ್ಲಿ ಮಲಗಿಸಿದರೆ ಮೊಣಕೈಗೆ ಜಡ್ಡು ಕಟ್ಟುತ್ತದೆ, ಎರಡು ಗೋಣಿ ಹಾಸು. ರೇಬೀಸ್ ಇಂಜೆಕ್ಷನ್, ಪಂಚಾಯತಿನ ಲೈಸೆನ್ಸ್ ಆಗಿದೆಯಾ? ಆಗಿರದಿದ್ದರೆ ಅದೂ ಮಾಡಿಸು.

ಇನ್ನೂ ಒಂದು, ಇದೇ ಮುಖ್ಯ. ಹೊಟ್ಟೆಯನ್ನು ಬಲಗಡೆ ಒಳಗೋಡೆಗೆ ಹೊಲಿಗೆ ಹಾಕಿ ನಿಲ್ಲಿಸುವ ಆಪರೇಷನ್ ಇದೆ. ಸಂತಾನ ಆಗದ ಹಾಗೆ ಮಾಡುವಾಗ ಒಟ್ಟಿಗೇ ಮಾಡಿಸಬಹುದು. ಆಮೇಲೂ ಗಾಳಿ ತುಂಬಬಹುದು, ಆದರೆ ತಿರುಚುವುದು ತಪ್ಪುತ್ತದೆ. ಯಾವ ಪ್ರಾಯಕ್ಕೆ ಮಾಡಿಸಬೇಕು ಅಂತ ಡಾಕ್ಟರ ಹತ್ತಿರ ಕೇಳು, ಖರ್ಚು ಮಾಣಿಯೇ ಕೊಡಲಿ. ಡಾಕ್ಟರು ಏನು ಹೇಳಿದರು ಅಂತ ನನಗೆ ಫೋನೇ ಮಾಡು, ಇಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಹುಡುಕಲಿಕ್ಕೆ ನನ್ನಿಂದಾಗದು.